ಒಳಗೆ ಏಳೂವರೆ, ಹೊರಗೆ ಆರು

ಸೆಪ್ಟೆಂಬರ್ 12, ಶುಕ್ರವಾರ. ಸಂಜೆ ಏಳೂವರೆ

ಒಟ್ಟು ಒಂಬತ್ತು ವಯರುಗಳು. ಎಣಿಸಿದ್ದೇನೆ. ಕಂಪ್ಯೂಟರ್ ಎಂದರೆ ಒಂದು ಪೆಟ್ಟಿಗೆ, ಒಂದು ಪರದೆ ಎಂದುಕೊಂಡಿದ್ದ ನಾನು ಇವತ್ತು ಮಧ್ಯಾಹ್ನದ ಊಟ ಬಿಟ್ಟು ಮೇಜಿನಡಿ ಅಂಗಾತ ಮಲಗಿ ಒಂಬತ್ತಕ್ಕೂ ಒಂದೊಂದು ತೂತು ಹುಡುಕಿಕೊಟ್ಟೆ. ಹತ್ತನೆಯ ತೂತೊಂದು ಖಾಲಿ ಉಳಿದಿದೆ. ಅದು ಯಾಕೆ ಖಾಲಿ ಎಂಬ ಪ್ರಶ್ನೆ ಈಗ ತಲೆ ತಿನ್ನುತ್ತಿದೆ.

ಈ ಡೈರಿ ನಮ್ಮ ಕಂಪನಿಗೆ ಆಯಿಲ್ ಫಿಲ್ಟರ್ ಮಾರುವವರು ಜನವರಿಯಲ್ಲಿ ಕೊಟ್ಟದ್ದು. ನಾನು ಸ್ಟೋರ್‌ಕೀಪರ್ ಆದ್ದರಿಂದ ನನ್ನ ಪಾಲಿಗೆ ಬಂತು. ಎಂಟು ತಿಂಗಳು ಡ್ರಾಯರಿನಲ್ಲಿ ಬಿದ್ದಿತ್ತು. ಮನುಷ್ಯನಿಗೆ ಗೊಣಗಲು ಒಂದು ಜಾಗ ಬೇಕು. ಇಪ್ಪತ್ತಾರು ವರ್ಷ ನನಗೆ ಕುಸುಮ ಇದ್ದಳು. ಒಗ್ಗರಣೆ ಹಾಕುತ್ತಲೇ, ಮುಖ ತಿರುಗಿಸದೆ, "ಹ್ಞೂಂ, ಮತ್ತೆ?" ಎನ್ನುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಮಗಳ ಹತ್ತಿರ ಗೊಣಗಿದರೆ "ಇಟ್ಸ್ ಓಕೆ ಪಪ್ಪಾ" ಎಂದು ಎರಡು ಮಾತಿನಲ್ಲಿ ಮುಗಿಸುತ್ತಾಳೆ. ಓಕೆ ಆಗಿದ್ದರೆ ಯಾರಾದರೂ ಗೊಣಗುತ್ತಾರೆಯೇ?

ಮಗಳು ಯಶ್ಮಿತಾ ನಿಜ್ವಾದ ಒಂದು ಯೂನಿವರ್ಸಿಟಿಯಲ್ಲಿ ಪ್ರೋಗ್ರಾಮಿಂಗ್ ಓದಲು ಸೇರಿದ್ದಾಳೆ. ಭಾನುವಾರದಿಂದ ಕ್ಲಾಸು. ಮಸ್ಕತ್ ಪಕ್ಕದ ಅಲ್ ಮಬೇಲಾದ ನಮ್ಮ ಮನೆಯಿಂದ ವ್ಯಾನಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಹಾಸ್ಟೆಲ್ ಇದೆಯಂತೆ. ಇರಲಿ, ಬೇಕಾದವರಿಗೆ ಇರಲಿ. ಮನೆಯಲ್ಲೇ ಎಲ್ಲ ಅನುಕೂಲ ಮಾಡಿಕೊಟ್ಟರೆ ಆ ಮಾತೇ ಏಳುವುದಿಲ್ಲ.

ಲ್ಯಾಪ್‌ಟಾಪ್ ತೆಗೆದುಕೊಡಿ ಎಂದಳು. ಬೇಡವೆಂದೆ. ಲ್ಯಾಪ್‌ಟಾಪಿನಿಂದ ಕುತ್ತಿಗೆ ನೋವು ಬರುತ್ತದೆ, ಕಣ್ಣು ಹೋಗುತ್ತದೆ, ಕೈಜಾರಿ ಬಿದ್ದರೆ ಖಲಾಸ್. ನಮ್ಮ ಕಛೇರಿಗೆ ಹೊಸ ಕಂಪ್ಯೂಟರುಗಳು ಬಂದು ಹಳೆಯವನ್ನು ಕೊಟ್ಟುಬಿಡುವುದಿತ್ತು. ಇದ್ದುದರಲ್ಲಿ ಅತಿ ದೊಡ್ಡದನ್ನು ಆರಿಸಿದೆ. ಎತ್ತಿ ತರಲು ಇಬ್ಬರು ಬೇಕಾಯಿತು. ಒಮ್ಮೆ ಹಾಲಿನ ಮೂಲೆಯಲ್ಲಿ ಕೂತರೆ ಮತ್ತೆ ಅಲ್ಲಿಂದ ಕದಲುವ ವಸ್ತುವಲ್ಲ ಅದು. ಅಂಥದ್ದೇ ಒಳ್ಳೆಯದು.

ಗುಂಡಿ ಒತ್ತಿ ಅದಕ್ಕೆ ಜೀವ ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಅದರ ಗಡಿಯಾರ ಸರಿಪಡಿಸಿದ್ದು. ಕೆಳಗಿನ ಮೂಲೆಯಲ್ಲಿ ಐದು ಗಂಟೆ ಎನ್ನುತ್ತಿತ್ತು. ನಮ್ಮ ಮನೆಯಲ್ಲಿ ಆಗ ಆರೂವರೆ.

ಈ ಮನೆಯ ಗಡಿಯಾರಗಳೆಲ್ಲ ಊರಿನ ಗಂಟೆಯಲ್ಲಿ ಓಡುತ್ತವೆ. ಅದು ಕುಸುಮ ಮಾಡಿದ ಕಾನೂನು. ತೊಂಬತ್ತೆಂಟರಲ್ಲಿ ಇಲ್ಲಿಗೆ ಬಂದಾಗ, ಪಕ್ಷಿಕೆರೆಯಲ್ಲಿ ತಾಯಿ ಯಾವಾಗ ದೀಪ ಹಚ್ಚುತ್ತಾರೆ, ಯಾವಾಗ ಗಂಜಿ ಬಸಿಯುತ್ತಾರೆ ಎಂಬುದು ಗೋಡೆ ನೋಡಿದರೆ ಅವಳಿಗೆ ತಿಳಿಯಬೇಕಿತ್ತು. "ಬಾಗಿಲಿಂದ ಹೊರಗೆ ಓಮಾನ್, ಒಳಗೆ ಊರು" ಎಂದಳು. ನಾನು ಜಗಳವಾಡಿದೆ. ಮೊದಲ ವಾರವೇ ಗೋಡೆ ನೋಡಿ ಗಡಿಬಿಡಿಯಲ್ಲಿ ಹೊರಟು, ಬೀಗ ತೆಗೆಯದ ಸ್ಟೋರಿನ ಎದುರು ಎರಡು ಸಲ ಒಂದೂವರೆ ಗಂಟೆ ಕುಕ್ಕರಗಾಲಲ್ಲಿ ಕೂತಿದ್ದೇನೆ. ಆಮೇಲೆ ಅಭ್ಯಾಸವಾಯಿತು. ಕೈಗಡಿಯಾರ ಓಮಾನಿನದು, ಗೋಡೆಯದು ಊರಿನದು. ಒಂದೂವರೆ ಕಳೆಯುವುದು ಉಸಿರಾಡಿದಷ್ಟೇ ಸಲೀಸು. ಯಶ್ಮಿತಾ ಅಂತೂ ಹುಟ್ಟಿದ್ದೇ ಈ ಗಡಿಯಾರಗಳ ಕೆಳಗೆ. ಅಡುಗೆಮನೆ, ಹಾಲು, ಮಲಗುವ ಕೋಣೆ, ಮೂರಕ್ಕೂ ಈಗ ನಾನೇ ಬ್ಯಾಟರಿ ಹಾಕುತ್ತೇನೆ.

ಕಂಪ್ಯೂಟರ್ ಮಾತ್ರ ಎರಡು ಸಲ ನನ್ನ ಮಾತು ಮೀರಿ ಹಿಂದೆ ಓಡಿತು. ತಾನೇ ಗಂಟೆ ಹಾಕಿಕೊಳ್ಳುವ ಒಂದು ಗುಂಡಿ ಉಂಟು ಅದರಲ್ಲಿ. ಅದನ್ನು ಆರಿಸಿ, ಕೈಯಿಂದ ಗಂಟೆ ಕೂರಿಸಿದೆ. ಈಗ ಗೋಡೆಯೂ ಕಂಪ್ಯೂಟರೂ ಒಂದೇ ಮಾತು ಹೇಳುತ್ತವೆ.

"ನೋಡು ಮಗಾ, ರೆಡಿ" ಎಂದೆ.

"ನೈಸ್ ಪಪ್ಪಾ" ಎಂದಳು. ಅಷ್ಟೇ. ಒಂಬತ್ತು ವಯರಿಗೆ ಒಂದು ನೈಸ್.

ಸೆಪ್ಟೆಂಬರ್ 16, ಮಂಗಳವಾರ. ಸಂಜೆ ಎಂಟು

ಒಳಗೆ ಬಿಡುತ್ತಿಲ್ಲ.

ವಿಷಯ ಹೀಗೆ. ಇವಳು ಪ್ರೋಗ್ರಾಂ ಬರೆಯಬೇಕಾದದ್ದು ನಮ್ಮ ಕಂಪ್ಯೂಟರಿನಲ್ಲಲ್ಲ, ನಿಜ್ವಾದಲ್ಲಿರುವ ಯೂನಿವರ್ಸಿಟಿಯ ದೊಡ್ಡ ಕಂಪ್ಯೂಟರಿನೊಳಗೆ. ಇಲ್ಲಿಂದ ಹೆಸರು, ಪಾಸ್‌ವರ್ಡ್ ಕೊಟ್ಟು ಅದರ ಒಳಹೊಕ್ಕು, ಅಲ್ಲೇ ಬರೆದು, ಅಲ್ಲೇ ಒಪ್ಪಿಸಿ ಬರಬೇಕು. ಪ್ರತಿ ಗುರುವಾರ ಮಧ್ಯಾಹ್ನ ಎರಡರೊಳಗೆ ಒಂದು ಅಸೈನ್‌ಮೆಂಟ್. ಮೂರು ತಪ್ಪಿದರೆ ಆ ವಿಷಯದಿಂದ ಹೆಸರು ಹೊಡೆಯುತ್ತಾರೆ. ಮತ್ತೆ ಮುಂದಿನ ವರ್ಷವೇ. ಅಲ್ಲಿನ ಲ್ಯಾಬಿನಲ್ಲಿ ಮಾಡಬಹುದು. ಆದರೆ ನೂರಿಪ್ಪತ್ತು ಮಂದಿಗೆ ನಲವತ್ತು ಕಂಪ್ಯೂಟರ್, ನಮ್ಮವಳ ವ್ಯಾನು ಒಂದೂವರೆಗೇ ಹೊರಡುತ್ತದೆ. ಸಂಜೆ ಲ್ಯಾಬು ಖಾಲಿಯಂತೆ. ಅದರಿಂದ ಹಾಸ್ಟೆಲಿನವರಿಗೆ ಲಾಭ, ನಮಗೇನು?

ಮನೆಯಿಂದ ಹೋದರೆ ಪರದೆಯ ಮೇಲೆ ಕೆಂಪಕ್ಷರದಲ್ಲಿ ಬರುವುದು ಇಷ್ಟು: "ಯುವರ್ ರಿಕ್ವೆಸ್ಟ್ ಹ್ಯಾಸ್ ಬೀನ್ ರಿಜೆಕ್ಟೆಡ್." ಯಾರಿಂದ? ಯಾಕೆ? ಮುಲ್ಕಿಯ ಕಾಲೇಜಿನಲ್ಲಿ ನಾನು ಬಿ.ಕಾಂ. ಎರಡನೇ ವರ್ಷದವರೆಗೆ ಕೂತವನು. ಇಂಗ್ಲಿಷ್ ಪಾಠಕ್ಕೆ ಶ್ರೀನಿವಾಸಮೂರ್ತಿ ಮೇಷ್ಟ್ರು. ಮಾಡಿದವನ ಹೆಸರು ಹೇಳಲು ಇಷ್ಟವಿಲ್ಲದಾಗ ಇಂಗ್ಲಿಷರು ಪ್ಯಾಸಿವ್ ವಾಯ್ಸ್ ಬಳಸುತ್ತಾರೆ ಎನ್ನುತ್ತಿದ್ದರು. ಈಗ ಅರ್ಥವಾಯಿತು. ತಳ್ಳಿದವನು ಬಾಗಿಲ ಹಿಂದೆಯೇ ನಿಂತಿದ್ದಾನೆ, ಮುಖ ತೋರಿಸುವುದಿಲ್ಲ.

ಸೆಪ್ಟೆಂಬರ್ 19, ಶುಕ್ರವಾರ. ಸಂಜೆ ಏಳು

ನಿನ್ನೆ ಮೊದಲ ಅಸೈನ್‌ಮೆಂಟ್ ತಪ್ಪಿತು.

ಇವತ್ತು ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಸಿರಾಜುದ್ದೀನನ ಅಂಗಡಿಗೆ ಹೋದೆ. ಅವನು ಉಪ್ಪಿನಂಗಡಿಯವನು, ಎರಡು ರಸ್ತೆ ಆಚೆ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುತ್ತಾನೆ. ಹನ್ನೆರಡು ವರ್ಷದ ಪರಿಚಯ. ಯಶ್ಮಿತಾ ಹಿಂದಿನಿಂದ ಬಂದಳು, ನಾಲ್ಕು ಮಾರು ದೂರ ಬಿಟ್ಟು. ತಳ್ಳುಗಾಡಿಯ ಜೊತೆ ನಡೆಯಲು ನಾಚಿಕೆಯಂತೆ.

"ತುಕ್ರಣ್ಣ, ಇದೆಂತ ಮಾರಾಯ್ರೆ, ಫ್ರಿಜ್ಜಾ?"

"ಕಂಪ್ಯೂಟರ್."

"ಓ! ನನ್ನ ಮದುವೆಗಿಂತ ಹಳತು ಉಂಟು ಇದು. ಅದಕ್ಕೂ ಇದಕ್ಕೂ ಒಂದೇ ಸೌಂಡು."

"ಸುಮ್ಮನೆ ನೋಡು ನೀನು."

"ನೋಡುದೆಂತ, ಎಲ್ಲ ಅಳಿಸಿ ಹೊಸತು ಹಾಕ್ತೇನೆ. ಯಲ್ಲಾ, ನಡೀರಿ, ನೀವೊಂದು ಚಾ ಕುಡೀರಿ ಅಷ್ಟರಲ್ಲಿ."

ಒಂದಲ್ಲ, ಮೂರು ಚಹಾ ಆಯಿತು. ಆಮೇಲೆ ಯಶ್ಮಿತಾಳನ್ನು ಕರೆದು ಪಾಸ್‌ವರ್ಡ್ ಹಾಕಿಸಿದ. ಒಳಗೆ ಬಿಟ್ಟಿತು! ಎರಡೇ ನಿಮಿಷ. ಅವಳು ಅಂಗಡಿ ಎಂದೂ ನೋಡದೆ ಎರಡು ಕೈ ತಟ್ಟಿದಳು. ಅವಳು ಹಾಗೆ ಕೈ ತಟ್ಟಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಮನೆಗೆ ತಂದು ಒಂಬತ್ತೂ ವಯರು ಚುಚ್ಚಿದೆ. ಸಿರಾಜುದ್ದೀನನ ಕೈಯಲ್ಲಿ ಅದು ಮತ್ತೆ ಓಮಾನಿನ ಗಂಟೆಗೆ ಹೋಗಿತ್ತು. ಮೊದಲು ಅದನ್ನು ಸರಿ ಮಾಡಿದೆ. "ಈಗ ಹೋಗು ಒಳಗೆ" ಎಂದೆ.

ರಿಜೆಕ್ಟೆಡ್.

ಸೆಪ್ಟೆಂಬರ್ 20, ಶನಿವಾರ. ಬೆಳಗ್ಗೆ ಹನ್ನೊಂದೂವರೆ

ಮತ್ತೆ ತಳ್ಳುಗಾಡಿ. ಅಂಗಡಿಯಲ್ಲಿ ಅವನು ಏನೇನೋ ಒತ್ತಿ, ಮೊದಲಿದ್ದ ಹಾಗೆ ಮಾಡಿದ. ಒಳಗೆ ಬಿಟ್ಟಿತು. ಮನೆಗೆ ತಂದೆ, ಗಂಟೆ ಸರಿಮಾಡಿದೆ, ಕೂತೆ. ಬಿಡಲಿಲ್ಲ.

"ತುಕ್ರಣ್ಣ, ಕಂಪ್ಯೂಟರಿಗೆ ಎಂತ ಇಲ್ಲ. ನಿಮ್ಮ ಮನೆಯದ್ದೇ ಎಂತದೋ ದೋಷ" ಎಂದ ಫೋನಿನಲ್ಲಿ.

ಮನೆಯ ದೋಷವಂತೆ! ವಾಸ್ತು ನೋಡಿಸಲೇ ಹಾಗಾದರೆ?

ಸೆಪ್ಟೆಂಬರ್ 23, ಮಂಗಳವಾರ

ಇಂಟರ್ನೆಟ್ಟಿನವರು ಬಂದು ನೋಡಿದರು. ಲೈನು ಚಿನ್ನದಂತಿದೆ ಎಂದು ಹೋದರು. ಪೆಟ್ಟಿಗೆಯನ್ನು ಮಲಗುವ ಕೋಣೆಗೆ ಒಯ್ದೆ. ಅಲ್ಲೂ ಅಷ್ಟೇ. ಅಡುಗೆಮನೆಯ ಪ್ಲಗ್ಗಿಗೆ ಹಾಕಿದೆ. ಅಲ್ಲೂ ಅಷ್ಟೇ, ಜೊತೆಗೆ ಫ್ಯೂಸ್ ಹೋಯಿತು. ಸೊಂಟ ಹಿಡಿದಿದೆ.

ಸೆಪ್ಟೆಂಬರ್ 25, ಗುರುವಾರ. ಸಂಜೆ ಏಳೂವರೆ

ಎರಡನೆಯದೂ ಹೋಯಿತು.

ಸಿರಾಜುದ್ದೀನನ ಅಂಗಡಿಯಲ್ಲೇ ಕೂತು ಮಾಡಲಿ ಎಂದು ನಿನ್ನೆ ಕರೆದುಕೊಂಡು ಹೋದರೆ ಬಾಗಿಲಿಗೆ ಬೀಗ. ಅಣ್ಣನ ಮಗಳ ಮದುವೆಗೆ ಊರಿಗೆ ಹೋಗಿದ್ದಾನೆ, ಬರುವುದು ತಿಂಗಳು ಕಳೆದು. ನಮ್ಮ ಕಛೇರಿಯ ಕಂಪ್ಯೂಟರುಗಳಲ್ಲಿ ಹೊರಗಿನ ಪ್ರೋಗ್ರಾಂ ಹಾಕಲು ಬಿಡುವುದಿಲ್ಲ. ಕೇಳಿ ನೋಡಿ ಮುಖಭಂಗ ಮಾಡಿಕೊಂಡೆ. ಇವಳು ಯೂನಿವರ್ಸಿಟಿಯ ಹೆಲ್ಪ್‌ಡೆಸ್ಕಿಗೆ ಮೂರು ಮೇಲ್ ಕಳಿಸಿದ್ದಾಳೆ. ಮೂರಕ್ಕೂ ಒಂದೇ ಉತ್ತರ: ಪಾಸ್‌ವರ್ಡ್ ಬದಲಾಯಿಸಿ. ಮೂರು ಸಲ ಬದಲಾಯಿಸಿದ್ದಾಳೆ.

ಇವತ್ತು ಅವಳು ಚಹಾ ತಂದಿಟ್ಟು ಎದುರು ಕೂತಳು. ಚಹಾ ತಂದು ಎದುರು ಕೂತರೆ ವಿಷಯ ಉಂಟು ಎಂದು ಅವಳ ತಾಯಿಯ ಕಾಲದಿಂದ ಗೊತ್ತು.

"ಪಪ್ಪಾ, ನೇತ್ರಾಳ ರೂಮಿನಲ್ಲಿ ಒಂದು ಬೆಡ್ ಖಾಲಿ ಉಂಟು."

ನೇತ್ರಾ ಎಂದರೆ ಇವಳ ಕ್ಲಾಸಿನ ಹುಡುಗಿ. ಬಾಗಲಕೋಟೆ ಕಡೆಯವರು, ತಂದೆ ಸುಹಾರಿನಲ್ಲಿ ಎಂಜಿನಿಯರ್.

"ಇದ್ದರೆ ಇರಲಿ. ಮನೆಯಲ್ಲಿ ಇಷ್ಟು ದೊಡ್ಡ ಕಂಪ್ಯೂಟರ್ ಇಟ್ಟುಕೊಂಡು ಹಾಸ್ಟೆಲ್ ಯಾಕೆ?"

"ಅದು ವರ್ಕ್ ಆಗುದಿಲ್ಲ ಅಲ್ವಾ ಪಪ್ಪಾ."

"ಆಗುತ್ತದೆ. ನಾಳೆ ಆಗುತ್ತದೆ."

"ಎಲ್ಲರಿಗೂ ಆಗ್ತದೆ. ನನಗೆ ಮಾತ್ರ ಆಗುದಿಲ್ಲ. ಬಹುಶಃ ನನಗೇ ಬರುದಿಲ್ವೋ ಏನೋ. ಮೇ ಬಿ ಐ ಆಮ್ ನಾಟ್ ಮೇಡ್ ಫಾರ್ ದಿಸ್."

"ಪಾಸ್‌ವರ್ಡ್ ಹಾಕಲು ಬಾರದವಳಾ ನೀನು? ಕಂಪ್ಯೂಟರಿನದ್ದೇ ಸೊಕ್ಕು ಅದು."

ಅವಳು ಒಂದು ಫಾರಂ ಮೇಜಿನ ಮೇಲಿಟ್ಟು ಒಳಗೆ ಹೋದಳು. ಹಾಸ್ಟೆಲ್ ಫಾರಂ. ಎಲ್ಲ ತುಂಬಿಸಿ ಇಟ್ಟಿದ್ದಾಳೆ, ರಕ್ತದ ಗುಂಪು ಸಮೇತ. ಪೋಷಕರ ಸಹಿ ಒಂದು ಬಾಕಿ. ನಾನು ಅದನ್ನು ಬ್ಯಾಟರಿಗಳ ಡ್ರಾಯರಿನಲ್ಲಿಟ್ಟೆ. ಕಳೆದುಹೋಗಬಾರದಲ್ಲ, ಅದಕ್ಕೆ.

ಸೆಪ್ಟೆಂಬರ್ 29, ಸೋಮವಾರ. ಸಂಜೆ ಆರೂವರೆ

ಕೆಲಸದಿಂದ ಬೇಗ ಬಂದು ನಾನೇ ಕೂತೆ. ಅವಳ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆಸಿಕೊಂಡಿದ್ದೆ. ಮೊದಲು ದೊಡ್ಡ ಅಕ್ಷರದಲ್ಲಿ, ಆಮೇಲೆ ಸಣ್ಣ ಅಕ್ಷರದಲ್ಲಿ, ಆಮೇಲೆ ನಿಧಾನವಾಗಿ, ಆಮೇಲೆ ಬೇಗಬೇಗ. ಹದಿನೆಂಟು ಸಲ. ಹತ್ತೊಂಬತ್ತನೆಯದಕ್ಕೆ ಬೇರೆ ವಾಕ್ಯ ಬಂತು. ಇವಳ ಖಾತೆಗೇ ಬೀಗ ಹಾಕಲಾಗಿದೆಯಂತೆ. ಹಾಕಲಾಗಿದೆ! ಮತ್ತೆ ಪ್ಯಾಸಿವ್. ಇದರಲ್ಲಿ ಮಾತ್ರ ಮಾಡಿದವನು ಯಾರೆಂದು ನನಗೆ ಗೊತ್ತು.

ಯಶ್ಮಿತಾಳಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. "ಇಟ್ಸ್ ಓಕೆ ಪಪ್ಪಾ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 2, ಗುರುವಾರ

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ನಂಬಿಕೆ ಬರುವುದಿಲ್ಲ.

ರಜೆ ಹಾಕಿದ್ದೆ. ಗುರುವಾರ ಇವಳಿಗೆ ಕ್ಲಾಸಿಲ್ಲ. ಕಾರಿನಲ್ಲಿ ನಿಜ್ವಾಕ್ಕೇ ಕರೆದೊಯ್ಯೋಣವೆಂದರೆ ಲ್ಯಾಬಿನಲ್ಲಿ ಇವತ್ತು ದೊಡ್ಡ ತರಗತಿಯವರ ಪರೀಕ್ಷೆ. ಮೂರನೆಯದಕ್ಕೆ ಮಧ್ಯಾಹ್ನ ಎರಡರ ಗಡುವು, ಅಂದರೆ ನಮ್ಮ ಗೋಡೆಯಲ್ಲಿ ಮೂರೂವರೆ. ಇದು ತಪ್ಪಿದರೆ ವರ್ಷ ಹೋಯಿತು. ಇವಳು ಪ್ರೋಗ್ರಾಮನ್ನು ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಕಂಪ್ಯೂಟರಿನ ಎದುರು ಸುಮ್ಮನೆ ಕೂತಿದ್ದಳು. ಹೆಣದ ಮುಂದೆ ಕೂತ ಹಾಗೆ.

ನಾನು ಯೋಚಿಸಿದೆ: ಸ್ಟೋರಿನಲ್ಲಿ ಒಂದು ಬೇರಿಂಗ್ ಕೂರದಿದ್ದರೆ ನಾನೇನು ಮಾಡುತ್ತೇನೆ? ಮೇಲ್ ಕಳಿಸುತ್ತೇನೆಯೇ? ಇಲ್ಲ. ಫೋನ್ ಎತ್ತಿ ಕೊಟ್ಟವರಿಗೆ ಹಚ್ಚುತ್ತೇನೆ, ಲೇಬಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಹೇಳುತ್ತೇನೆ. ಮೂವತ್ತು ವರ್ಷದ ಅನುಭವ. ಬೇಡದ ಸಾಲಿನಲ್ಲೇ ಯಾವಾಗಲೂ ಗುಟ್ಟಿರುತ್ತದೆ.

ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಆಮೇಲೆ ಒಬ್ಬ ಓಮಾನಿ ಹೆಣ್ಣುಮಗಳು, ಫಾಯಿಝಾ ಎಂದು ಹೆಸರು ಹೇಳಿದಳು. ಮಾತೆಲ್ಲ ಇಂಗ್ಲಿಷಿನಲ್ಲಿ; ನನ್ನ ಇಂಗ್ಲಿಷಿನ ನಟ್ಟುಬೋಲ್ಟು ಅಲ್ಲಲ್ಲಿ ಉದುರುತ್ತಿದ್ದರೂ ಆಕೆ ತಾಳ್ಮೆಯಿಂದ ಹೆಕ್ಕಿಕೊಂಡಳು. ಪರದೆಯ ಮೇಲೆ ಏನು ಬರೆದಿದೆ ಓದಿ ಎಂದಳು. ಓದಿದೆ. ಕೆಂಪಕ್ಷರ ಮುಗಿದ ಮೇಲೂ ನಿಲ್ಲಿಸಲಿಲ್ಲ. ಎಡ ಮೂಲೆ, ಮೇಲಿನ ಪಟ್ಟಿ, ಕೆಳಗಿನ ಪಟ್ಟಿ, ಎಲ್ಲ. "ಸಾಕು ಸರ್, ಅದೆಲ್ಲ ಬೇಡ" ಎಂದಳು. "ಪ್ಲೀಸ್ ವೆಯ್ಟ್, ಟೂ ಲೈನ್ಸ್ ಆರ್ ಬ್ಯಾಲೆನ್ಸ್" ಎಂದು ಮುಂದುವರಿಸಿದೆ. "ಬಲಗಡೆ ಕೆಳಗೆ, ಹನ್ನೆರಡು ಐವತ್ತು, ಪಿ.ಎಂ."

"ಮತ್ತೊಮ್ಮೆ ಹೇಳಿ ಸರ್?"

"ಹನ್ನೆರಡು ಐವತ್ತು."

"ಸರ್, ಈಗ ಹನ್ನೊಂದು ಇಪ್ಪತ್ತು."

"ಎಸ್. ನನ್ನ ಕೈಗಡಿಯಾರದಲ್ಲೂ ಹನ್ನೊಂದು ಇಪ್ಪತ್ತೇ."

"ನೀವು ಎಲ್ಲಿಂದ ಮಾತಾಡುತ್ತಿದ್ದೀರಿ?"

"ಮಬೇಲಾದಿಂದ."

"ಮತ್ತೆ ಕಂಪ್ಯೂಟರ್ ಎಲ್ಲಿದೆ?"

"ನನ್ನ ಮುಂದೆಯೇ."

"ಹಾಗಾದರೆ ಅದರಲ್ಲಿ ಯಾಕೆ ಹನ್ನೆರಡು ಐವತ್ತು?"

ಹೇಳಲೇಬೇಕಾಯಿತು. "ಇನ್‌ಸೈಡ್ ಹೌಸ್, ಇಂಡಿಯಾ ಟೈಮ್. ಔಟ್‌ಸೈಡ್, ಓಮಾನ್ ಟೈಮ್. ಮೈ ವೈಫ್ ಈಸ್ ಕೀಪಿಂಗ್ ಲೈಕ್ ದಟ್." ಈಸ್ ಎಂದೆ. ವಾಸ್ ಎನ್ನಬೇಕಿತ್ತು. ಮೂರ್ತಿ ಮೇಷ್ಟ್ರಾಗಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದರು.

ಫಾಯಿಝಾ ನಗಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದಳು. ನಮ್ಮ ಕಂಪ್ಯೂಟರ್ ಒಳಗೆ ಬಿಡಿ ಎಂದು ಕಳಿಸುವ ಪ್ರತಿ ಕಾಗದದ ಮೇಲೂ ಗಂಟೆಯ ಮುದ್ರೆ ಬೀಳುತ್ತದಂತೆ. ಅಲ್ಲಿನ ಯಂತ್ರ ನೋಡುತ್ತದೆ: ಈ ಕಾಗದ ಬರೆದದ್ದು ಈಗಿನಿಂದ ಒಂದೂವರೆ ಗಂಟೆ ಆದ ಮೇಲೆ! ಇನ್ನೂ ಆಗದ ಹೊತ್ತಿನ ಕಾಗದ ಎಂದರೆ ಕಳ್ಳ ಕಾಗದ. ಎಸೆಯುತ್ತದೆ. ಸಿರಾಜುದ್ದೀನನ ಅಂಗಡಿಯಲ್ಲಿ ಗಂಟೆ ಸರಿಯಿತ್ತು, ಒಳಗೆ ಬಿಟ್ಟಿತು. ಮನೆಗೆ ತಂದು ಪ್ರತಿ ಸಲವೂ ಮೊದಲು ನಾನು ಮಾಡಿದ ಕೆಲಸ...

ಬರೆಯಲು ನಾಚಿಕೆಯಾಗುತ್ತದೆ. ಯಶ್ಮಿತಾ ಪಕ್ಕದಲ್ಲೇ ಇದ್ದಳು, ಫೋನು ಸ್ಪೀಕರಿನಲ್ಲಿತ್ತು. ಅವಳು ಗೋಡೆ ನೋಡಿದಳು, ಕಂಪ್ಯೂಟರಿನ ಮೂಲೆ ನೋಡಿದಳು, ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮೂರು ವಾರ ಅವಳೂ ದಿನಾ ಆ ಮೂಲೆ ನೋಡಿದ್ದಾಳೆ, ಒಂದೂವರೆ ಕಳೆದಿದ್ದಾಳೆ, ಮುಂದೆ ಹೋಗಿದ್ದಾಳೆ. ಈ ಮನೆಯಲ್ಲಿ ಹುಟ್ಟಿದವಳಿಗೆ ಅದು ತಪ್ಪು ಎಂದು ಹೇಗೆ ಕಾಣಬೇಕು?

"ಗಂಟೆಯನ್ನು ಕೈಯಿಂದ ಹಾಕಬೇಡಿ ಸರ್" ಎಂದಳು ಫಾಯಿಝಾ. "ಯಾವ ಊರು ಎಂದಷ್ಟೇ ಹೇಳಿ, ಗಂಟೆಯನ್ನು ಅದೇ ನೋಡಿಕೊಳ್ಳುತ್ತದೆ. ನಿಮಗೆ ಭಾರತದ ಗಂಟೆಯೇ ಕಾಣಬೇಕಾದರೆ ಭಾರತವನ್ನೇ ಆರಿಸಿ, ಅದರಿಂದ ನಮಗೇನೂ ಅಡ್ಡಿಯಿಲ್ಲ."

ಊರುಗಳ ಪಟ್ಟಿ ತೆರೆಯಿತು. ಇಡೀ ಭಾರತಕ್ಕೆ ಒಂದೇ ಸಾಲು: ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ. ಮುಲ್ಕಿ ಇಲ್ಲ. ಪಕ್ಷಿಕೆರೆ ಎಲ್ಲಿಂದ ಬರಬೇಕು? ಅದಕ್ಕಿಂತ ಸ್ವಲ್ಪ ಮೇಲೆ: ಅಬುಧಾಬಿ, ಮಸ್ಕತ್.

"ಊರಿನದ್ದೇ ಹಾಕಿ ಪಪ್ಪಾ, ನನಗೆ ಅಭ್ಯಾಸ ಉಂಟು" ಎಂದಳು ಯಶ್ಮಿತಾ ಮೆಲ್ಲಗೆ.

ಮಸ್ಕತ್ ಒತ್ತಿದೆ. ಅವಳ ಗಡುವು ಓಮಾನಿನ ಎರಡು ಗಂಟೆಗೆ. ಕೆಲಸದ ವಸ್ತುವಿನಲ್ಲಿ ಕೆಲಸದ ಗಂಟೆ ಇರಲಿ. ಇದರಲ್ಲಿ ಬೇರೆ ಅರ್ಥ ಏನೂ ಇಲ್ಲ.

ಅಷ್ಟಕ್ಕೆ ಮುಗಿಯಿತೇ? ಸೋಮವಾರ ನಾನು ಹಾಕಿಸಿದ ಬೀಗ ಇತ್ತಲ್ಲ. ಅದನ್ನು ತೆಗೆಯಲು ಇನ್ನೊಬ್ಬರ ಒಪ್ಪಿಗೆ ಬೇಕು, ಕಾಯಿರಿ ಎಂದಳು ಫಾಯಿಝಾ. ಕಾದೆವು. ನಾನು ಕೋಣೆಯಿಂದ ಕೋಣೆಗೆ ನಡೆದೆ. ಬಚ್ಚಲಿಗೆ ಹೋಗಿ ಬಂದು ಗೋಡೆ ನೋಡಿದೆ: ಎರಡೂ ಐದು. ಸೋಫಾದಲ್ಲಿ ಕುಸಿದು, "ಹೋಯಿತು ಮಗಾ, ಎರಡು ಕಳೆಯಿತು, ನಾನೇ ಹಾಳು ಮಾಡಿದೆ" ಎಂದೆ. ಕಣ್ಣಲ್ಲಿ ನೀರು ಬಂತೆಂದು ಬರೆಯಬೇಕಾಗಿಲ್ಲ, ಆದರೆ ಬಂತು.

"ಪಪ್ಪಾ!" ಎಂದಳು. "ಪಪ್ಪಾ, ಅದು ಮನೆಯ ಗಂಟೆ. ಈಗ ಹನ್ನೆರಡೂ ಮೂವತ್ತೈದು ಅಷ್ಟೇ. ಒಂದೂವರೆ ಗಂಟೆ ಹತ್ತಿರ ಉಂಟು ಇನ್ನೂ."

ಮೊದಲ ವಾರ ಬಿಟ್ಟರೆ, ಇಪ್ಪತ್ತೇಳು ವರ್ಷದಲ್ಲಿ ಕಳೆಯಲು ಮರೆತದ್ದು ಇದೊಂದೇ ಸಲ.

ಅದೇ ಹೊತ್ತಿಗೆ ಫೋನು ಬಂತು. "ಈಗ ಪ್ರಯತ್ನಿಸಿ ಸರ್." ಒಳಗೆ ಬಿಟ್ಟಿತು. ಫಾಯಿಝಾ "ಖಲಾಸ್!" ಎಂದಳು, ಆಗ ಮಾತ್ರ ನಕ್ಕಳು. ಯಶ್ಮಿತಾ ನೋಟುಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬಡಿಯಲು ಶುರುಮಾಡಿದಳು. ಅವಳ ಬೆರಳು ಅಷ್ಟು ವೇಗವಾಗಿ ಓಡುತ್ತದೆಂದು ನನಗೆ ಗೊತ್ತಿರಲಿಲ್ಲ. ಒಂದೂ ನಲವತ್ತಕ್ಕೆ ಒಪ್ಪಿಸಿದಳು. ಒಪ್ಪಿಸಿ, ತಿರುಗಿ, "ಮೂರು ವಾರ ನಾನು ದಡ್ಡಿ ಅಂತ ತಿಳ್ಕೊಂಡಿದ್ದೆ ಪಪ್ಪಾ" ಎಂದಳು.

ನಾನು ಚಹಾ ಮಾಡಲು ಎದ್ದೆ.

ಅಕ್ಟೋಬರ್ 8, ಬುಧವಾರ. ಸಂಜೆ ಐದು

ಕಂಪ್ಯೂಟರ್ ಕುದುರೆಯ ಹಾಗೆ ಓಡುತ್ತಿದೆ. ಅದರ ಮೇಲೆ ಈಗ ಒಂದು ದೂರು ಹೇಳುವ ಹಾಗಿಲ್ಲ. ದೂರು ಬೇರೆ.

ಕೈಗಡಿಯಾರದ ಮೂರೂಕಾಲಿಗೆ ನಾನು ಮನೆಗೆ ಬಂದಾಗ ಇವಳು ಆಗಲೇ ಬಂದಿದ್ದಳು. ವ್ಯಾನಿನಿಂದ ಇಳಿದ ಬಟ್ಟೆಯಲ್ಲೇ, ಬುರ್ರೆಂದು ಎಸಿ ಹಾಕಿಕೊಂಡು, ಕೀಬೋರ್ಡಿನ ಮೇಲೆ ಕೆನ್ನೆ ಇಟ್ಟು ನಿದ್ದೆ. ಪರದೆಯ ತುಂಬ ಒಂದೇ ಅಕ್ಷರ, ಜೆ ಜೆ ಜೆ ಜೆ, ಪುಟಗಟ್ಟಲೆ ಹರಿಯುತ್ತಲೇ ಇತ್ತು. ಕೆನ್ನೆ ಬರೆದ ಪ್ರೋಗ್ರಾಂ. ಊಟದ ಡಬ್ಬಿ ಬೆಳಗ್ಗೆ ಕಟ್ಟಿಕೊಟ್ಟ ಹಾಗೆಯೇ ಚೀಲದಲ್ಲಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾಳೆ. ಹೋಗಲು ಒಂದೂವರೆ, ಬರಲು ಒಂದೂವರೆ. ಇದನ್ನು ನಾನು ಮೊದಲ ದಿನವೇ ಈ ಡೈರಿಯಲ್ಲಿ ಬರೆದಿದ್ದೇನೆ. ಬರೆದದ್ದನ್ನು ಓದುವ ಅಭ್ಯಾಸವಿಲ್ಲ.

ಎಬ್ಬಿಸಲಿಲ್ಲ. ಬ್ಯಾಟರಿಯ ಡ್ರಾಯರಿನಿಂದ ಫಾರಂ ತೆಗೆದು ಸಹಿ ಹಾಕಿದೆ. "ಐ, ದಿ ಅಂಡರ್‌ಸೈನ್ಡ್, ಹಿಯರ್‌ಬೈ" ಎಂದು ಶುರುವಾಗುತ್ತದೆ. ಒಬ್ಬ ತಂದೆ ಸಹಿ ಹಾಕಲು ಇಷ್ಟು ಬಿಗುಮಾನ ಯಾಕೋ. ಫಾರಮನ್ನು ಮಡಚಿ ಅವಳ ಊಟದ ಡಬ್ಬಿಯ ಕೆಳಗಿಟ್ಟೆ. ಎದ್ದು ನೋಡಲಿ.

ಹಾಗೆಯೇ ಹಾಲಿನ ಗಡಿಯಾರವನ್ನೂ ಮಲಗುವ ಕೋಣೆಯದನ್ನೂ ಇಳಿಸಿ ಒಂದೂವರೆ ಗಂಟೆ ಹಿಂದೆ ತಿರುಗಿಸಿದೆ. ಕಂಪ್ಯೂಟರ್ ಒಂದು ಹೇಳಿ, ಅದರ ತಲೆಯ ಮೇಲಿನ ಗೋಡೆ ಇನ್ನೊಂದು ಹೇಳುವುದು ಅಧ್ವಾನ. ಅಡುಗೆಮನೆಯದನ್ನು ಮುಟ್ಟಲಿಲ್ಲ. ಅದು ಎತ್ತರದಲ್ಲಿದೆ, ಸ್ಟೂಲು ಅಲ್ಲಾಡುತ್ತದೆ.

ಅಕ್ಟೋಬರ್ 10, ಶುಕ್ರವಾರ. ಸಂಜೆ ಆರೂವರೆ

ಸೊಂಟ ಮತ್ತೆ ಹಿಡಿದಿದೆ. ಕದಲದ ವಸ್ತು ಎಂದು ತಂದದ್ದನ್ನು ನಾನೇ ಕದಲಿಸಿ ನಿಜ್ವಾಕ್ಕೆ ಒಯ್ದೆ. ಪೆಟ್ಟಿಗೆ ಹಿಂದಿನ ಸೀಟಿನಲ್ಲಿ, ಅದರ ಪಕ್ಕ ಇವಳ ಹಾಸಿಗೆ. ಪರದೆಗೆ ದಾರಿಯುದ್ದಕ್ಕೂ ಸೀಟ್‌ಬೆಲ್ಟ್. ಕಂಪ್ಯೂಟರ್ ಬೇಡ, ಅಲ್ಲಿ ಲ್ಯಾಬಿದೆ ಎಂದಳು. ಲ್ಯಾಬಿನದ್ದು ಲ್ಯಾಬಿನದ್ದು, ನಮ್ಮದು ನಮ್ಮದು ಎಂದೆ.

ಹುಡುಗಿಯರ ಹಾಸ್ಟೆಲ್, ಗೇಟಿನಿಂದಾಚೆ ಗಂಡಸರಿಗೆ ಪ್ರವೇಶವಿಲ್ಲ. ನೇತ್ರಾ ಓಡಿ ಬಂದಳು, ಜೊತೆಗೆ ಇನ್ನಿಬ್ಬರು.

"ನಮಸ್ಕಾರ್ರೀ ಅಂಕಲ್. ಇದ ಏನ್ರೀ, ತಿಜೋರಿ?"

"ಕಂಪ್ಯೂಟರ್ ಅಮ್ಮಾ."

"ಅಯ್ಯ ಶಿವನ! ಇದನ್ನ ಮ್ಯಾಲ ಒಯ್ಯಾಕ ಕ್ರೇನ್ ಬೇಕಲ್ರೀ. ಏ ಯಶ್ಮಿ, ನಿಮ್ಮಪ್ಪಾರು ನಿನ್ನ ಜೋಡಿ ಅರ್ಧಾ ಮನಿನ ಕಳಿಸ್ಯಾರ ನೋಡ."

ನಾಲ್ವರೂ ನಗುತ್ತ, ಒಂದೊಂದು ಮೆಟ್ಟಿಲಿಗೆ ಒಮ್ಮೆ ಇಳಿಸುತ್ತ ಒಯ್ದರು. ಒಂಬತ್ತು ವಯರಿಗೂ ಸ್ಟೋರಿನ ಚೀಟಿ ಕಟ್ಟಿ ನಂಬರು ಬರೆದುಕೊಟ್ಟಿದ್ದೇನೆ, ತೂತುಗಳಿಗೂ ಅವೇ ನಂಬರು. ಹತ್ತನೆಯದಕ್ಕೆ "ಇದು ಖಾಲಿ ಇರಲಿ" ಎಂದು ಬರೆದಿದ್ದೇನೆ.

ಇವಳು ಮತ್ತೆ ಕೆಳಗೆ ಬಂದಳು. "ಪಪ್ಪಾ, ನಿಧಾನ ಡ್ರೈವ್ ಮಾಡಿ." "ಆಯಿತು." "ಮಾತ್ರೆ ಮರೀಬೇಡಿ." "ಆಯಿತು." "ಅಡುಗೆಮನೆಯ ಗಡಿಯಾರ ಒಂದು ಹಾಗೇ ಇರ್ಲಿ, ಆಯ್ತಾ?"

ನಾನು ಅದನ್ನು ಮುಟ್ಟಿಲ್ಲ ಎಂದು ಇವಳಿಗೆ ಯಾರು ಹೇಳಿದರು?

ಹಾಲಿನ ಮೂಲೆಯಲ್ಲಿ ಈಗ ಮೇಜು ಮಾತ್ರ ಇದೆ, ಅದರ ಮೇಲೆ ಧೂಳಿಲ್ಲದ ಒಂದು ಚೌಕ. ಒರೆಸಬೇಕು.

ಅಕ್ಟೋಬರ್ 12, ಭಾನುವಾರ. ಸಂಜೆ ಏಳು. ಅಡುಗೆಮನೆಯಲ್ಲಿ ಎಂಟೂವರೆ

ಆರು ಗಂಟೆಗೆ ಫೋನು ಬಂತು. ನಾನು ಸಾರಿನ ಎದುರಿದ್ದೆ.

"ಪಪ್ಪಾ, ಮನೆಯಲ್ಲಿ ಎಷ್ಟು ಗಂಟೆ?"

"ನಿನ್ನ ಕೈಯಲ್ಲಿರುವ ಫೋನಿನಲ್ಲಿ ಗಂಟೆ ಇಲ್ಲವಾ?"

"ಉಂಟು. ಇಲ್ಲಿ ಆರು. ಮನೆಯಲ್ಲಿ ಎಷ್ಟು, ಹೇಳಿ."

ಸೌಟು ಹಿಡಿದುಕೊಂಡೇ ತಲೆಯೆತ್ತಿದೆ. "ಏಳೂವರೆ."

"ಹಾಗಾದ್ರೆ ಒಗ್ಗರಣೆಗೆ ಎಣ್ಣೆ ಇಟ್ಟಿದ್ದೀರಿ."

ಇಟ್ಟಿದ್ದೆ. ಏನು ಹುಡುಗಿ! ಓಮಾನಿನೊಳಗೇ, ನೂರ ಮೂವತ್ತು ಕಿಲೋಮೀಟರಿಗೆ ಒಂದೂವರೆ ಗಂಟೆಯ ವ್ಯತ್ಯಾಸ ಇಟ್ಟುಕೊಳ್ಳುವವರು ಯಾರಾದರೂ ಇದ್ದಾರೆಯೇ? ಅದನ್ನೇ ಕೇಳಿದೆ. ಆಮೇಲೆ ನನ್ನ ಸೊಂಟದ ವಿಷಯ ಹೇಳಿದೆ. ಸ್ಟೋರಿನಲ್ಲಿ ಎರಡು ಪೆಟ್ಟಿಗೆ ಗ್ಯಾಸ್ಕೆಟ್ ತಪ್ಪಾಗಿ ಬಂದದ್ದು ಹೇಳಿದೆ. ಮೇಲಿನ ಮನೆಯವರು ನಲ್ಲಿ ಬಿಟ್ಟುಹೋಗಿ ನೀರು ಇಳಿದದ್ದು ಹೇಳಿದೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಆಕಡೆಯಿಂದ ಕೀಬೋರ್ಡು ಟಕಟಕ ಎನ್ನುತ್ತಿತ್ತು. ಕೇಳುತ್ತಿದ್ದಾಳೋ ಇಲ್ಲವೋ ಎಂದು ಸುಮ್ಮನಾದೆ.

"ಹ್ಞೂಂ, ಮತ್ತೆ?" ಎಂದಳು.

ಮತ್ತೆ ಮುಕ್ಕಾಲು ಗಂಟೆ ಮಾತಾಡಿದೆ. ಹಾಗಾಗಿ ಇವತ್ತು ಇಲ್ಲಿ ಬರೆಯಲು ಏನೂ ಉಳಿದಿಲ್ಲ. ಸಾಸಿವೆ ಕರಟಿಹೋಯಿತು, ಅದೊಂದೇ.